ಮ್ಯಾನೇಜರುಗಳು ಕಲಿತ ಕೋಚಿಂಗ್ ಕೆಳಗಿನವರಿಗೆ ಹರಡುವುದು ಹೇಗೆ?

ಮ್ಯಾನೇಜರುಗಳಿಗೆ ಲೀಡರ್‌ಶಿಪ್ ಕೋಚಿಂಗ್ ಕೊಡಿಸಿದ್ದೀರಿ, ಅದು ಉಳಿದವರಿಗೂ ತಲುಪಬೇಕಾದರೆ ಎಲ್ಲರಿಗೂ ಪಿಪಿಟಿ ತೋರಿಸಬೇಕಾ ಅಂತ ಕೇಳಿದ್ದೀರಿ. ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಪಿಪಿಟಿಯಿಂದ ಇದು ಹರಡಿದ್ದನ್ನು ನಾನಂತೂ ಕಂಡಿಲ್ಲ. ತಮ್ಮ ಮೇಲಿನವರು ತಮ್ಮನ್ನು ಹೇಗೆ ಮಾತಾಡಿಸುತ್ತಾರೋ, ಹಾಗೇ ಜನ ತಮ್ಮ ಕೆಳಗಿನವರನ್ನೂ ಮಾತಾಡಿಸುತ್ತಾರೆ.

ನಿಮ್ಮವರು ಕಲಿತದ್ದು ಬಹುಶಃ ಗ್ರೋ (GROW) ಮಾದರಿ, ಅಂದರೆ ಉತ್ತರ ಹೇಳಿಕೊಡದೆ ನಾಲ್ಕು ಪ್ರಶ್ನೆ ಕೇಳುವ ಕೋಚಿಂಗ್ ಕ್ರಮ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬೆಳೆದದ್ದು, ಅಲ್ಲಿನ ಕೋಚ್ ಜಾನ್ ವಿಟ್ಮೋರ್ ಅದನ್ನು ಜನಪ್ರಿಯ ಮಾಡಿದರು. ಗುರಿ ಏನು, ಈಗ ಹೇಗಿದೆ, ಏನೇನು ದಾರಿ ಇದೆ, ಯಾವುದನ್ನು ಮಾಡ್ತೀರಿ, ಅಷ್ಟೇ. ಬಾಯಿಪಾಠ ಮಾಡೋದು ಸುಲಭ. ಕೇಳಿದ ಮೇಲೆ ಸುಮ್ನೆ ಕಾಯೋದು ಕಷ್ಟ.

ಒಂದು ಸೀಸನ್‌ನಲ್ಲಿ ನಮ್ಮಲ್ಲಿ ಒಡೆದ ಬೀಜ, ಅಂದರೆ ಬಿಟ್ಸ್, ಜಾಸ್ತಿ ಬರತೊಡಗಿತು. ಇಂಥ ಹೊತ್ತಲ್ಲಿ "ಯಾರು ಮಾಡಿದ್ದು?" ಅಂದರೆ ಎಲ್ಲರ ಬಾಯಿಗೂ ಬೀಗ. ತರಬೇತಿಗೆ ಹೋಗಿ ಬಂದಿದ್ದ ಸೂಪರ್‌ವೈಸರ್, ಬೀಜ ಆರಿಸುವ ಅಕ್ಕನ ಪಕ್ಕ ಕೂತು, "ಅಕ್ಕಾ, ನಿಮಗೇನು ವ್ಯತ್ಯಾಸ ಕಾಣ್ತಿದೆ?" ಎಂದರು. ಆಕೆ ಒಂದು ಹಿಡಿ ಬೀಜ ಅಂಗೈ ಮೇಲೆ ಹರಡಿ, ಬೆರಳಲ್ಲಿ ಹೊರಳಿಸುತ್ತಾ ಕೂತರು. ಸೂಪರ್‌ವೈಸರ್ ನಡುವೆ ಬಾಯಿ ಹಾಕಲಿಲ್ಲ. "ಎಲ್ಲಾ ಲಾಟಲ್ಲೂ ಇಲ್ಲ ಸಾರ್. ಇದು ಅತೀ ಒಣಗಿದೆ, ಕಚ್ಚಿದ್ರೆ ಪಟ್ ಅನ್ನುತ್ತೆ." ಪಾರ್ಚ್‌ಮೆಂಟ್‌ನಲ್ಲಿ, ಅಂದರೆ ಒಳಸಿಪ್ಪೆ ಇನ್ನೂ ಬಿಡಿಸದ ಕಾಫಿ ಬೀಜದಲ್ಲಿ, ತೇವಾಂಶ ಶೇ 10ರ ಆಸುಪಾಸು ಇರಬೇಕು. ತೀರಾ ಒಣಗಿದರೆ ಸಿಪ್ಪೆ ಬಿಡಿಸುವ ಮಷೀನ್‌ನಲ್ಲಿ ಬೀಜ ಒಡೆಯುತ್ತೆ. ಮೀಟರ್ ಇಟ್ಟು ನೋಡಿದರೆ ಆಕೆ ಹೇಳಿದ್ದೇ ಸರಿ. ಆ ಲಾಟನ್ನು ಬೇರೆ ಇಟ್ಟೆವು.

ಕೆಲವು ದಿನ ಕಳೆದ ಮೇಲೆ ಅದೇ ಅಕ್ಕ ಹೊಸದಾಗಿ ಸೇರಿದ ಹುಡುಗಿಗೆ, "ನಿಂಗೇನ್ ಕಾಣುತ್ತೆ ಹೇಳು ಪುಟ್ಟಿ" ಅನ್ನುವುದು ಕಿವಿಗೆ ಬಿತ್ತು. ಆಕೆ ಯಾವ ತರಬೇತಿಗೂ ಹೋದವರಲ್ಲ. ನನಗೆ ತುಂಬಾ ಖುಷಿಯಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅಂತ ಒಂದು ಕಾರ್ಯಕ್ರಮ ನಡೆಯಿತು. ಸೂಪರ್‌ವೈಸರ್‌ಗಳನ್ನು ಚಿಕ್ಕ ಗುಂಪಲ್ಲಿ ಕೂರಿಸಿ, ಪ್ರತಿಯೊಬ್ಬರೂ ತಮ್ಮದೇ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ ತೋರಿಸುವಂತೆ ಮಾಡುತ್ತಿದ್ದರು. ನೀವೂ ಹಾಗೇ ಮಾಡಿಸಿ, ಅವರ ಕೆಲಸದ ಜಾಗದಲ್ಲೇ.

ಅದಕ್ಕೂ ಮೊದಲು ನಿಮ್ಮ ಬೆಳಗಿನ ಮೀಟಿಂಗ್ ಗಮನಿಸಿ. ಅಲ್ಲಿ ಮ್ಯಾನೇಜರ್ ಸೂಪರ್‌ವೈಸರ್‌ಗೆ ಎಲ್ಲರೆದುರು ಬೈದರೆ, ಆ ಬೈಗುಳ ಹತ್ತು ನಿಮಿಷದಲ್ಲಿ ಕೆಳಗೆ ಇಳಿಯುತ್ತೆ, ಅಲ್ವಾ? ಇನ್ನೊಂದು ಮಾತು: ಯಾರದ್ದಾದರೂ ಕೈ ಓಡುವ ಮಷೀನ್ ಬೆಲ್ಟ್ ಹತ್ತಿರ ಹೋಗ್ತಿದ್ದರೆ ಪ್ರಶ್ನೆ ಕೇಳುತ್ತಾ ಕೂರಬೇಡಿ, ಕೂಗಿ ನಿಲ್ಲಿಸಿ. ಇದನ್ನೂ ತರಬೇತಿಯಲ್ಲೇ ಹೇಳಿಬಿಡಿ.