ಮೊಳಕೆ ಬರಿಸುವಾಗ ಬೆಳಕು ಅಥವಾ ಉಪ್ಪುನೀರು ಕೊಟ್ಟರೆ ಅದರ ಸತ್ವ ನಿಜಕ್ಕೂ ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ಆದರೆ ನೀವು ಕೇಳಿದ ಎರಡರಲ್ಲಿ ನಾನು ಬಳಸುವುದು ಬೆಳಕನ್ನು ಮಾತ್ರ.

ಗಿಡ ಎದ್ದು ಓಡಲಾರದು. ಬಿಸಿಲೋ ಉಪ್ಪೋ ಕೀಟವೋ ಕಾಡಿದರೆ ನಿಂತಲ್ಲೇ ರಾಸಾಯನಿಕಗಳನ್ನು ತಯಾರಿಸಿಕೊಂಡು ಎದುರಿಸಬೇಕು. ಸತ್ವವೆಂದು ನಾವು ಬಯಸುವ ಫೀನಾಲ್, ಫ್ಲೇವನಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಬಹುಮಟ್ಟಿಗೆ ಆ ರಕ್ಷಣೆಯ ಸರಕೇ. ಎಳೆ ಮೊಳಕೆಯ ಮೇಲೆ ಬೆಳಕು ಬಿದ್ದಾಗ ಫೀನಾಲ್ ತಯಾರಿಕೆಗೆ ಬೇಕಾದ ಕಿಣ್ವಗಳು ಚುರುಕಾಗುತ್ತವೆ. ಹಾಗಾಗಿಯೇ ಕತ್ತಲಲ್ಲಿ ಬೆಳೆದ ಬಕ್‌ವೀಟ್ ಮೊಳಕೆಗಿಂತ ಬೆಳಕು ಕಂಡದ್ದರಲ್ಲಿ ರೂಟಿನ್ ಎಂಬ ಫ್ಲೇವನಾಯ್ಡ್ ಹೆಚ್ಚು. ನೇರ ಬಿಸಿಲು ಬೇಡ, ಮೊಳಕೆ ಒಣಗುತ್ತದೆ; ಕಿಟಕಿಯ ಬಳಿಯ ಬೆಳಕು ಸಾಕು.

ಉಪ್ಪುನೀರಿನಿಂದಲೂ ಫೀನಾಲ್ ಏರಬಹುದು, ಆದರೆ ಮೊಳಕೆ ಕುಗ್ಗುತ್ತದೆ. ಇಲ್ಲಿಯೇ ಬಹಳ ಜನ ಮೋಸಹೋಗುತ್ತಾರೆ. ಪ್ರಯೋಗದ ವರದಿಗಳಲ್ಲಿ ಏರಿಕೆಯನ್ನು ಸಾಮಾನ್ಯವಾಗಿ ಪ್ರತಿ ಗ್ರಾಂ ಮೊಳಕೆಯ ಲೆಕ್ಕದಲ್ಲಿ ಹೇಳುತ್ತಾರೆ. ಅಷ್ಟೇ ಬೀಜದಿಂದ ಬಂದ ಮೊಳಕೆಯ ತೂಕ ಅರ್ಧಕ್ಕಿಳಿದಿದ್ದರೆ, ಗ್ರಾಂಗೆ ಮೊದಲಿನ ಒಂದೂವರೆ ಪಟ್ಟು ಆಗಿದ್ದರೂ ತಟ್ಟೆಗೆ ಬರುವ ಒಟ್ಟು ಮೊತ್ತ ಮೊದಲಿಗಿಂತ ಕಡಿಮೆಯೇ. ಯಾವ ಉಪಾಯದ ಬಗ್ಗೆ ಓದಿದರೂ ದಯವಿಟ್ಟು ಈ ಲೆಕ್ಕ ಹಾಕಿ ನೋಡಿ.

ಉಪಚಾರಕ್ಕಿಂತಲೂ ಕೆಲವೊಮ್ಮೆ ಮೊಳಕೆಯ ವಯಸ್ಸೇ ಮುಖ್ಯ. ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಗ್ಲೂಕೊರಾಫನಿನ್ ಎಂಬ ಸಸ್ಯ ರಾಸಾಯನಿಕ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಇರಬಹುದೆಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ತೋರಿಸಿದರು. ಅದು ಬೀಜದಲ್ಲಿಯೇ ತುಂಬಿರುತ್ತದೆ, ಮೊಳಕೆ ಬೆಳೆದಂತೆ ತೆಳುವಾಗುತ್ತದೆ. ಆದ್ದರಿಂದ ಒಳ್ಳೆಯ ತಳಿ ಆರಿಸಿ, ಎಳೆಯದಾಗಿಯೇ ತಿನ್ನಿ. ಚೆನ್ನಾಗಿ ಜಗಿಯಿರಿ ಕೂಡ: ಜೀವಕೋಶ ಒಡೆದು ಮೈರೋಸಿನೇಸ್ ಎಂಬ ಕಿಣ್ವ ಬೆರೆತಾಗಲೇ ಗ್ಲೂಕೊರಾಫನಿನ್‌ನಿಂದ ಉಪಯುಕ್ತವಾದ ಸಲ್ಫೊರಾಫೇನ್ ಹುಟ್ಟುವುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಮೊಳಕೆಗೆ ಹಿತವಾದ ತೇವ, ಬೆಚ್ಚಗಿನ ವಾತಾವರಣ ಬ್ಯಾಕ್ಟೀರಿಯಾಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಇ. ಕೋಲಿ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ಮೊಳಕೆಗೆಂದೇ ಮಾರುವ ಬೀಜ ಕೊಳ್ಳಿ, ದಿನಕ್ಕೆ ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆದು ಬಸಿಯಿರಿ, ಸಿದ್ಧವಾದದ್ದನ್ನು ಫ್ರಿಜ್‌ನಲ್ಲಿಡಿ. ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ ಅವರಿಗೆ ಹಸಿ ಮೊಳಕೆ ಬೇಡ, ಪೂರ್ತಿ ಬೇಯಿಸಿಯೇ ಕೊಡಿ. ಬೇಯಿಸಿದ ಬ್ರೊಕೊಲಿ ಮೊಳಕೆಯಲ್ಲಿ ಮೈರೋಸಿನೇಸ್ ನಾಶವಾಗಿರುತ್ತದೆ; ಒಲೆಯಿಂದ ಇಳಿಸಿದ ಮೇಲೆ ಚಿಟಿಕೆ ಸಾಸಿವೆ ಪುಡಿ ಬೆರೆಸಿದರೆ ಅದರಲ್ಲಿರುವ ಅದೇ ಕಿಣ್ವ ಆ ಕೆಲಸವನ್ನು ಮಾಡಿಕೊಡುತ್ತದೆ.