ಪರಿಚಯದವರು ಸಿಕ್ಕಿಬಿಟ್ಟರೆ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆ ಕಡೆಯ ಒಂದು ಊರಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ಸಂಜೆಗೊಂದು ಕ್ವಾರ್ಟರ್ ಅಂತ ಶುರುವಾಗಿದ್ದು ಈಗ ದಿನಕ್ಕೆ ಮೂರಕ್ಕೆ ಬಂದಿದೆ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ನೈಂಟಿ ಹಾಕದೆ ಬಿಲ್ ಬರೆಯಲು ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಅಯ್ಯಪ್ಪನ ಮಾಲೆ ಹಾಕಿದ್ದಾಗ ಒಂದು ಹನಿ ಮುಟ್ಟಲಿಲ್ಲ. ಮಾಲೆ ತೆಗೆದ ರಾತ್ರಿಯೇ ಮತ್ತೆ ಶುರು. ‘ಎಎ ಮೀಟಿಂಗ್‌ಗೆ ಹೋಗ್ರಿ’ ಅಂತಾಳೆ ನನ್ನ ಹೆಂಡತಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ, ಕುಡಿತ ಬಿಡಬೇಕು ಅನ್ನುವವರು ಸೇರುವ ಗುಂಪಂತೆ. ಅದು ಎಲ್ಲಿ ನಡೆಯುತ್ತದೆ? ಪರಿಚಯದವರು ನೋಡಿದರೆ ನನ್ನ ಅಂಗಡಿ ಗತಿ ಏನು?
– ಹೆಸರು ಬೇಡ

ಉತ್ತರ: ಹೆಸರು ಬೇಡ ಅಂದಿರಲ್ಲ, ಅಲ್ಲೂ ಯಾರೂ ನಿಮ್ಮ ಪೂರ್ತಿ ಹೆಸರು ಕೇಳುವುದಿಲ್ಲ. ನನಗೆ ಗೊತ್ತು. ಈ ಅಂಕಣದಲ್ಲಿ ಸೊಸೆ, ಸಾಲ, ಆಸ್ತಿ ಅಂತ ಬುದ್ಧಿ ಹೇಳುವ ನಾನೂ 11 ವರ್ಷದ ಹಿಂದೆ ಅಂಥ ಒಂದು ಕೋಣೆಗೆ ಹೋಗಿ ಕೂತವನು.

ಮೀಟಿಂಗ್‌ಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಿ. ಮಾಲೆ ಹಾಕಿದಾಗ ಬಿಟ್ಟೆನಲ್ಲ, ಈಗಲೂ ಹಾಗೇ ಬಿಡುತ್ತೇನೆ ಅನ್ನಬೇಡಿ. ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ತಬ್ಬಿಬ್ಬಾಗಬಹುದು. ಜೀವಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಅರ್ಧ ಮಾಡಿ ಹೇಳಬೇಡಿ. (ನಾವೆಲ್ಲ ಹಾಗೇ ಹೇಳುವುದು!) ಹೋಗಲು ಮುಜುಗರವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಪರಿಚಯದವರ ಮಾತು. ನನಗೂ ಅದೇ ಭಯ. ಅದಕ್ಕೇ ನಮ್ಮೂರಿನ ಮೀಟಿಂಗ್ ಬಿಟ್ಟು ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಬೇರೆ ಊರಿಗೆ ಹೋದೆ. ಒಂದು ಶಾಲೆ. ಗೇಟಿನ ಮುಂದೆ ಮೂರು ಸಲ ಆ ಕಡೆ ಈ ಕಡೆ ಓಡಾಡಿ ಕೊನೆಗೆ ಒಳಗೆ ಹೋದರೆ, ಎರಡನೇ ಬೆಂಚಿನಲ್ಲಿ ನಮ್ಮ ಬೀದಿಯವರೇ ಒಬ್ಬರು! ಅವರೂ ಅದೇ ಭಯಕ್ಕೆ ಅಷ್ಟು ದೂರ ಬಂದಿದ್ದರು. ಒಬ್ಬರ ಮುಖ ಒಬ್ಬರು ನೋಡಿದೆವು, ನಗು ಬಂತು. ಇವತ್ತಿನವರೆಗೂ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನೋಡಿದ್ದು, ಕೇಳಿದ್ದು ಅಲ್ಲೇ ಇರಬೇಕು ಅನ್ನುವುದು ಅವರ ಪದ್ಧತಿ. ಅದಿರಲಿ, ನೀವು ಕುಡಿಯುವುದು ನಿಮ್ಮ ಗಿರಾಕಿಗಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ?

ಆವತ್ತು ಮಕ್ಕಳ ಬೆಂಚು ಮೊಣಕಾಲಿಗೆ ತಾಗುತ್ತಿತ್ತು. ಒಬ್ಬರು ಚಹಾ ತಂದುಕೊಟ್ಟರು. ಎಲ್ಲರ ಲೋಟ ತುಂಬ ಇತ್ತು, ನನ್ನದು ಮಾತ್ರ ಅರ್ಧ. ಹೊಸಬನಿಗೆ ಹೀಗಾ ಅಂತ ಒಳಗೊಳಗೇ ಸಿಟ್ಟು ಬಂತು. ಎರಡು ಕೈಯಲ್ಲಿ ಹಿಡಿದು ಎತ್ತಿದೆ, ಕೈ ನಡುಗಿತು, ಒಂದು ಹನಿಯೂ ಚೆಲ್ಲಲಿಲ್ಲ. ಅರ್ಧ ಯಾಕೆ ಅಂತ ಆಗ ಗೊತ್ತಾಯಿತು.

ಮಾತಾಡಲೇಬೇಕು ಅಂತಿಲ್ಲ. ಸುಮ್ನೆ ಕೂತು ಕೇಳಬಹುದು. ಒಬ್ಬೊಬ್ಬರೂ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಶುಲ್ಕವಿಲ್ಲ. ಕೊನೆಗೆ ಒಂದು ಚೀಲ ಬರುತ್ತದೆ, ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಪಕ್ಕಕ್ಕೆ ದಾಟಿಸಿ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನು, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ, ಸೇರಿ ಶುರು ಮಾಡಿದ್ದು ಇದು. ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ತಟ್ಟುತ್ತದೆ, ಅಷ್ಟೇ ಅದರ ಗುಟ್ಟು. ನಮ್ಮ ಹೆಂಡತಿ, ತಾಯಿ ಸಾವಿರ ಸಲ ಹೇಳಿದ್ದನ್ನೇ ಅವರು ಹೇಳಿದರೆ ಕಿವಿಗೆ ಬೀಳುತ್ತದೆ. ಅನ್ಯಾಯ, ಆದರೆ ನಿಜ.

ದೇವರ ಮಾತು ಬರುತ್ತದೆ. ನಿಮಗೆ ತಿಳಿದ ದೇವರು ಅಂತಲೇ ಅವರು ಹೇಳುವುದು, ಅಯ್ಯಪ್ಪನೇ ಇರಲಿ. ಕೆಲವು ಕಡೆ ಚರ್ಚ್ ಆವರಣದಲ್ಲಿ ನಡೆಯುತ್ತದೆ. ಕೋಣೆ ಸಿಕ್ಕಿದ್ದು ಅಲ್ಲಿ, ಅಷ್ಟೇ. ಗಾಬರಿ ಬೇಡ.

ಹುಡುಕುವುದು ಕಷ್ಟವಲ್ಲ. ಎಎ ಇಂಡಿಯಾದ ವೆಬ್‌ಸೈಟ್‌ನಲ್ಲಿ ನೋಡಿ, ಇಲ್ಲವೇ ನಿಮ್ಮ ಮನೋವೈದ್ಯರನ್ನೇ ಕೇಳಿ. ಹೊರಡುವ ಮುಂಚೆ ಒಂದು ಫೋನ್ ಮಾಡಿ, ಭಾಷೆ ಕನ್ನಡವೇ, ಸಮಯ ಬದಲಾಗಿದೆಯೇ ಕೇಳಿಕೊಳ್ಳಿ. ಹತ್ತಿರ ಇಲ್ಲದಿದ್ದರೆ ಆನ್‌ಲೈನ್‌ನಲ್ಲೂ ಇದೆ. ನಿಮ್ಮ ಕಡೆ ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರ ನಡೆದರೆ ಅದನ್ನೂ ವಿಚಾರಿಸಿ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮುಂದೆಯೂ ಸೇರುತ್ತಾರೆ. ನಿಮ್ಮ ಹೆಂಡತಿಗೂ ಒಂದು ಗುಂಪು ಇದೆ, ಆಲ್-ಅನಾನ್ ಅಂತ, ಕುಡಿಯುವವರ ಮನೆಯವರಿಗಾಗಿ. ನೀವು ಹೋಗದಿದ್ದರೂ ಅವರು ಹೋಗಬಹುದು.

ಒಂದೇ ಮೀಟಿಂಗ್‌ಗೆ ಹೋಗಿ ತೀರ್ಮಾನ ಮಾಡಬೇಡಿ. ನನಗೆ ಮೊದಲನೆಯದು ಬೇಜಾರೇ ಆಗಿತ್ತು. ಐದು ತಿಂಗಳಾದ ಮೇಲೆ ಭಾವಮೈದುನನ ಗೃಹಪ್ರವೇಶದಲ್ಲಿ ಮತ್ತೆ ಕುಡಿದೆ. ನಾಚಿಕೆಯಿಂದ ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದರೆ ಯಾರೂ ಏನೂ ಕೇಳಲಿಲ್ಲ. ಚಹಾ ಬಂತು. ಅರ್ಧ ಲೋಟ.