ಎಲ್ಲಾ ನನ್ನ ತಲೆಯಲ್ಲೇ ಇರಬೇಕಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ನಲವತ್ತರ ಹತ್ತಿರ ವಯಸ್ಸು. ಮೈಸೂರಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. "ಮರೆವು ಜಾಸ್ತಿ ಆಗ್ತಿದೆ ಮೇಡಂ, ನನಗೇನಾದ್ರೂ ಆಗಿದೆಯಾ ನೋಡಿ" ಎನ್ನುತ್ತಾ ನನ್ನ ಬಳಿ ಸಮಾಲೋಚನೆಗೆ ಬಂದರು. ಅತ್ತೆಯ ಬಿಪಿ ಮಾತ್ರೆ ಮುಗಿದು ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಮನೆಯಲ್ಲಿ ದೊಡ್ಡ ಜಗಳ. "ಇಷ್ಟೂ ನೆನಪಿರಲ್ವಾ ನಿನಗೆ?" ಎಂದಿದ್ದರಂತೆ ಗಂಡ.

ನಿದ್ದೆ ಇಲ್ಲ, ಸಿಡುಕು ಬೇರೆ. ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ ಬರಲು ಹೇಳಿದೆ. ಮರೆವು, ಸುಸ್ತಿಗೆ ದೇಹದ ಕಾರಣವೂ ಇರಬಹುದು. ರಿಪೋರ್ಟ್ ಸರಿಯಿತ್ತು.

"ರಾತ್ರಿ ಮಲಗಿದಾಗ ತಲೆಯಲ್ಲಿ ಏನು ಓಡುತ್ತೆ?" ಎಂದು ಕೇಳಿದೆ. ಒಂದೇ ಉಸಿರಿಗೆ ಹೇಳಿದರು: ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್, ವ್ಯಾನ್ ದುಡ್ಡು, ಹಾಲಿನ ಲೆಕ್ಕ, ಚೀಟಿ ಕಂತು, ಮಾತ್ರೆ, ಸಂಪ್ ತೊಳೆಸೋದು. ಗಂಡ ಕೆಲಸ ಮಾಡದವರಲ್ಲ, ಹೇಳಿದರೆ ಮಾಡುತ್ತಾರೆ. ಆದರೆ ಹೇಳೋಕೆ ಆಕೆಗೆ ನೆನಪಿರಬೇಕಲ್ಲ! ಆಯಾಸ ಇದ್ದದ್ದೇ ಅಲ್ಲಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಮಲಗಿಕೊಂಡು ನೆನಪು ಮಾಡಿಕೊಳ್ಳುವ ಕೆಲಸ ಇಂಥ ಲೆಕ್ಕಕ್ಕೆ ಸಿಗುವುದೂ ಕಷ್ಟ.

ಮುಂದಿನ ಸಲ ಗಂಡನೂ ಬಂದರು. ಮನೆಯ ತಿಂಗಳ ಕೆಲಸಗಳನ್ನು ಇಬ್ಬರೂ ಬರೆಯಿರಿ ಅಂದೆ. ಅವರು ನಾಲ್ಕು ಸಾಲು ಬರೆದು ಪೆನ್ ಕೆಳಗಿಟ್ಟರು. ಆಕೆ ಹಾಳೆ ತಿರುಗಿಸಿ ಹಿಂಬದಿಯಲ್ಲೂ ಬರೆದರು. ಅವರು ಅದನ್ನು ಓದಿ, "ಸಂಪ್ ತೊಳೆಯೋರಿಗೆ ನೀನೇ ಫೋನ್ ಮಾಡ್ತಿದ್ಯಾ?" ಅಂದರು. ನಿಜವಾಗಿಯೂ ಗೊತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟು. ತಿಂಗಳಿಗೊಂದು ಹಾಳೆ ಅಡುಗೆಮನೆ ಗೋಡೆಗೆ ಅಂಟಿಸಿ. ಪ್ರತಿ ಸಾಲಿಗೂ ಒಂದು ತಾರೀಖು, ಒಬ್ಬರದೇ ಹೆಸರು. "ಇಬ್ಬರೂ" ಅಂತ ಬರೆದರೆ ಅದು ಮತ್ತೆ ಆಕೆಯ ತಲೆಗೇ ಬರುತ್ತೆ. ಹೆಸರು ಯಾರದೋ, ಗಮನಿಸುವುದರಿಂದ ಮುಗಿಸುವವರೆಗೆ ಅವರದೇ ಜವಾಬ್ದಾರಿ. "ಮಾತ್ರೆ ತರುವುದು" ಎಂದು ಬರೆದರೆ ಸಾಲದು. "20ನೇ ತಾರೀಖು ಸ್ಟ್ರಿಪ್ ಎಣಿಸಿ, ಮುಂದಿನ ತಿಂಗಳಿಗೆ ಬೇಕಾದಷ್ಟು ಅವತ್ತೇ ತರುವುದು" ಎಂದಿರಬೇಕು. ಈ ಸಾಲನ್ನು ಗಂಡ ತಾವೇ ಕೇಳಿ ತೆಗೆದುಕೊಂಡರು. ನನಗೆ ತುಂಬಾ ಸಮಾಧಾನವಾಯಿತು.

ಎಲ್ಲವನ್ನೂ ತಿಂಗಳ ಹಾಳೆಗೆ ತುರುಕಬಾರದು. ನೀರಿನ ಡ್ರಮ್ ಖಾಲಿ ಮಾಡಿ ಉಜ್ಜುವುದು ವಾರದ ಕೆಲಸ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಗ್ಯಾಸ್ ಟ್ಯೂಬ್ ಬದಲಿಸುವುದು 5 ವರ್ಷಕ್ಕೊಮ್ಮೆ. ಆ ವರ್ಷವನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟರಾಯ್ತು.

ಆಕೆಗೆ ಕಷ್ಟವಾಗಿದ್ದು ಸುಮ್ನಿರೋದು. ಒಮ್ಮೆ ಗಂಡ ವ್ಯಾನ್ ದುಡ್ಡು ಮರೆತರು. "ನೆನಪಿಸ್ಲಾ?" ಅಂತ ಆಕೆ ನನಗೆ ಮೆಸೇಜ್ ಮಾಡಿದರು. ಬೇಡ, ಡ್ರೈವರ್ ಫೋನ್ ಅವರಿಗೇ ಬರಲಿ ಅಂದೆ. ಬಂತು, ಕಟ್ಟಿದರು. ಮಾತ್ರೆಯ ವಿಷಯದಲ್ಲಿ ಮಾತ್ರ ಹೀಗೆ ಬಿಡಬಾರದು, ಅಲ್ವಾ? ಅಲ್ಲಿ ಎಣಿಕೆಗೆ ಅತ್ತೆಯನ್ನೂ ಸೇರಿಸಿದ್ದೇವೆ.

ಈಗ ತಿಂಗಳ ಕೊನೆಯ ಭಾನುವಾರ ಇಬ್ಬರೂ ಕೂತು ಹೊಸ ಹಾಳೆ ಬರೆಯುತ್ತಾರೆ. ನಿದ್ದೆ ಸುಧಾರಿಸಿದೆ. ಸಿಡುಕು ಪೂರ್ತಿ ಹೋಗಿಲ್ಲ. ಅದಕ್ಕೆ ಆಫೀಸಿನ ಒತ್ತಡವೂ ಕಾರಣ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡಲಿದ್ದೇವೆ.